ರಾಣಿಯ ಗಡ್ಡಕ್ಕೊಂದು ಕತ್ತಿ

ಮಹಾರಾಣಿ ಮಂದಾರವಲ್ಲಿಗೆ ಗಡ್ಡ ಬರುತ್ತಿತ್ತು. ಅದೂ ಎಂಥ ಗಡ್ಡ! ಬೆಳಿಗ್ಗೆ ನುಣ್ಣಗೆ ಬೋಳಿಸಿದರೆ ದೀಪ ಹಚ್ಚುವ ಹೊತ್ತಿಗೆ ಕೆನ್ನೆಯ ತುಂಬ ರಾಗಿ ಪೈರು ಮೊಳೆತಂತೆ ಎದ್ದು ನಿಲ್ಲುವ ಗಡ್ಡ.

ಮಹಾರಾಣಿ ಅಂದರೆ ನಮ್ಮ ಷಡಕ್ಷರಿ. ಚಾಮರಾಜಪುರಂನಲ್ಲಿ ತಂದೆಯ ಕಾಲದಿಂದ ಬಂದ ಸೀರೆ ಅಂಗಡಿ ಅವನದು. ಹಗಲೆಲ್ಲ ಹೆಂಗಸರ ಮುಂದೆ ಸೀರೆ ಹರವಿ ತೋರಿಸುವುದು, ಸಂಜೆ ಸರಸ ವಿನೋದ ನಾಟಕ ಸಂಘದಲ್ಲಿ ತಾನೇ ಉಟ್ಟು ನಿಲ್ಲುವುದು. ಮೀಸೆ ಚಿಗುರುವ ವಯಸ್ಸಿನಿಂದಲೂ ಸಂಘದ ರಾಣಿ ಅವನೇ. ಮದುವೆಯಾಯಿತು, ತಂದೆ ಲಿಂಗೈಕ್ಯರಾದರು, ದೇಶಕ್ಕೆ ಸ್ವಾತಂತ್ರ್ಯ ಬಂತು. ಮಂದಾರವಲ್ಲಿ ಮಾತ್ರ ಬದಲಾಗಲಿಲ್ಲ. ಗ್ಯಾಸ್ ಲೈಟಿನ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು. ಆ ಹಳದಿ ಬೆಳಕಿಗೆ ಕರುಣೆ ಇತ್ತು. ಸಂಘದವರಿಗೆ ಠೀವಿ ಹೆಚ್ಚಾಗಿ, ಹೋದ ವರ್ಷ ರಂಗದ ತುಂಬ ದೊಡ್ಡ ದೊಡ್ಡ ಎಲೆಕ್ಟ್ರಿಕ್ ಬಲ್ಬು ಹಾಕಿಸಿದರು. ಅಲ್ಲಿಗೆ ರಾಣಿಯ ಮಾನ ಹೋಯಿತು.

ಉದ್ಯಾನವನದ ದೃಶ್ಯ. ಅಂಚೆ ಕಚೇರಿಯ ಕೃಷ್ಣಪ್ಪ ರಾಜ. "ನವನೀತದಂಥ ಈ ಕಪೋಲ" ಎನ್ನುತ್ತ ರಾಣಿಯ ಕೆನ್ನೆಯ ಮೇಲೆ ಅಂಗೈ ಇಟ್ಟವನು, ಚೇಳು ಮುಟ್ಟಿದವನಂತೆ ಸರಕ್ಕನೆ ಹಿಂದಕ್ಕೆ ಎಳೆದುಕೊಂಡ. ಬೇಕೆಂದು ಎಳೆದುಕೊಂಡದ್ದಲ್ಲ, ಪಾಪ, ಚುಚ್ಚಿತು. ಹಿಂದಿನ ಸಾಲಿನಿಂದ ಯಾರೋ, "ರಾಣಿಗೊಂದು ಕ್ಷೌರ ಮಾಡ್ಸೀ ಸ್ವಾಮಿ!" ಎಂದು ಕೂಗಿದ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಷಡಕ್ಷರಿ ದೃಶ್ಯ ಮುಗಿಸಿದ. ಆಮೇಲೆ ಬಣ್ಣದ ಕೋಣೆಯ ಮೂಲೆಯಲ್ಲಿ ಚೌರಿ ಕೂದಲನ್ನು ಮಡಿಲಲ್ಲಿಟ್ಟುಕೊಂಡು ಗಳಗಳನೆ ಅತ್ತ.

ಯುಗಾದಿ ಕಳೆದ ಮೇಲೆ ಸಂಘದ ಸಭೆ ಸೇರಿತು. ನಾಟಕ ಆಡಿಸುವವರು ಲಕ್ಷ್ಮೀನರಸಿಂಹ ಮೇಷ್ಟ್ರು. ಹೈಸ್ಕೂಲಿನಲ್ಲಿ ಪಾಠ ಹೇಳಿ ಹೇಳಿ, ಮಾತೆಲ್ಲ ಬೆತ್ತ ಹಿಡಿದೇ ಆಡುವವರು.

"ದಸರೆಗೆ ಮತ್ತೆ ಅದೇ ನಾಟಕ. ವಿಜಯದಶಮಿ ಸಂಜೆ, ಸವಾರಿ ನೋಡ್ಕೊಂಡು ಬಂದ ಜನ ಎಲ್ಲಾ ನಮ್ಮಲ್ಲಿಗೇ ಬರ್ತಾರೆ," ಎಂದರು. "ಷಡಕ್ಷರಿಗಳೇ, ಅವತ್ತು ನಿಮ್ಮ ಕೆನ್ನೆ ನಾನೇ ಕೈಯಿಟ್ಟು ನೋಡ್ತೀನಿ. ನುಣ್ಣಗಿದ್ರೆ ರಾಣಿ ನೀವು. ಇಲ್ದಿದ್ರೆ ಜಯಲಕ್ಷ್ಮಿಪುರಂನ ಅಂಬುಜಾ ಅವರು ಮಾತೆಲ್ಲ ಬಾಯಿಪಾಠ ಮಾಡ್ಕೊಂಡು ಸಿದ್ಧವಾಗಿರ್ತಾರೆ. ಅವರಿಗೆ ಗಡ್ಡದ ತೊಂದರೆ ಇಲ್ಲ."

ಅಂಬುಜಾ ಸಂಗೀತ ಹೇಳಿಕೊಡುತ್ತಿದ್ದ ಹೆಣ್ಣುಮಗಳು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು.  ಹೆಂಗಸಿನ ಪಾತ್ರವನ್ನು ಹೆಂಗಸೇ ಮಾಡುವುದೇ! ಷಡಕ್ಷರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಭೂಮಿಯ ಮೇಲೆ ನಡೆದಂತೆ ಕಾಣಲಿಲ್ಲ. ಇನ್ನು ರಾಜಮಾತೆಯ ಪಾತ್ರಕ್ಕೆ ಎಂದಿನಂತೆ ಯಾರೂ ಕೈ ಎತ್ತಲಿಲ್ಲ. ಮುದುಕಿ ಯಾರಿಗೆ ಬೇಕು? ಎಂದಿನಂತೆ ಮೇಷ್ಟ್ರೇ ಬಿಳಿ ಸೆರಗು ಹೊದೆಯುವುದೆಂದಾಯಿತು.

ಮಾರನೆಯ ದಿನ ಕ್ಷೌರ ಮಾಡಲು ಮನೆಗೆ ಬಂದ ಚಿಕ್ಕಯ್ಯನ ಮುಂದೆ ಷಡಕ್ಷರಿ ಹಿತ್ತಲಿನ ಜಗಲಿಯ ಮೇಲೆ ಕೂತು ಎಲ್ಲ ದುಃಖ ಹೇಳಿಕೊಂಡ. ಚಿಕ್ಕಯ್ಯ ಅವನ ತಂದೆಯ ಗಡ್ಡವನ್ನೂ ತೆಗೆದ ಕೈ. ಬ್ಲೇಡಿನ ಸೆಟ್ಟು ಬಂದ ಮೇಲೆ ಅರ್ಧ ಕೇರಿ ಅವನನ್ನು ಬಿಟ್ಟಿತ್ತು. ಷಡಕ್ಷರಿಯೂ ಒಮ್ಮೆ ಆ ಬ್ಲೇಡು ಆಡಿಸಿ, ಮುಖವೆಲ್ಲ ಸೀಳಿಕೊಂಡು, ತೆಪ್ಪಗೆ ಹಿಂದಿರುಗಿದ್ದ.

"ನನ್ ಕೈ ತಪ್ಪಲ್ಲ ಸ್ವಾಮಿ, ಮುಖಾನೇ ಇಂಗದೆ," ಎಂದ ಚಿಕ್ಕಯ್ಯ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ನಕ್ಕಾರು. ಆದರೆ ಈ ನೆಲ ನಿಜವಾಗಿಯೂ ಡೊಂಕೇ. ಗಲ್ಲದ ನಡುವೆ ಬಟಾಣಿ ಕೂರುವಷ್ಟು ಗುಳಿ. ಕತ್ತಿನ ಎಡಕ್ಕೆ ಕೂದಲು ಸುಳಿ ತಿರುಗಿ ಅಡ್ಡಡ್ಡ ಬೆಳೆಯುತ್ತಿತ್ತು. ಚಿಕ್ಕಯ್ಯನ ಕತ್ತಿಯೋ ಅಗಲ ಅಲಗಿನದು, ಗುಳಿಯ ಅಂಚಿಗೆ ಬಂದು ನಿಂತುಬಿಡುತ್ತಿತ್ತು.

"ದೊಡ್ ಸೌಟು ತಕ್ಕಂಡು ಉಪ್ಪಿನಕಾಯಿ ಭರಣಿ ಬಳ್ದಂಗೆ ಆಯ್ತದೆ. ಮೂಲೇಲಿರೋದು ಮೂಲೇಲೇ ಇರ್ತದೆ."

ಷಡಕ್ಷರಿ ಸೋಪಿನ ನೊರೆಯ ಮುಖವನ್ನೆತ್ತಿ ಅವನನ್ನೇ ನೋಡಿದ. "ಹಂಗಾದ್ರೆ ಭರಣಿಗೆ ತಕ್ಕ ಸೌಟು ಮಾಡಿಸ್ಬೇಕು ಚಿಕ್ಕಯ್ಯ!" ಎಂದು ಎದ್ದೇ ನಿಂತ. "ನನ್ನ ಮುಖಕ್ಕೇ ಅಂತ ಒಂದು ಕತ್ತಿ. ಬೇರೆ ಯಾರ ಮುಖಕ್ಕೂ ಆಗಬಾರ್ದು, ನನಗೆ ಮಾತ್ರ!"

"ಕೂತ್ಕಳಿ ಸ್ವಾಮಿ, ಇನ್ನೊಂದ್ ಕೆನ್ನೆ ಅದೆ."

ಕೂರುವುದೆಲ್ಲಿ ಬಂತು! ಆ ದಿನದಿಂದ ಷಡಕ್ಷರಿಗೆ ಹುಚ್ಚು ಹಿಡಿಯಿತು. ಸೀರೆ ಪೆಟ್ಟಿಗೆಯ ರಟ್ಟಿನ ಮೇಲೆಲ್ಲ ಕತ್ತಿಯ ಚಿತ್ರ. ಉದ್ದನೆಯದು, ಮೋಟಾದದ್ದು, ಮೂತಿ ಚೂಪಾದದ್ದು, ಮೂತಿ ಗುಂಡಾದದ್ದು. ಬರೆದದ್ದನ್ನು ಕತ್ತರಿಸಿ, ಕನ್ನಡಿಯ ಮುಂದೆ ನಿಂತು ರಟ್ಟಿನ ಕತ್ತಿಯಿಂದಲೇ ಗಡ್ಡ ಹೆರೆಯುವನು. ಗಿರಾಕಿ ಬಂದು ಅಂಚಿನ ಸೀರೆ ಕೇಳಿದರೆ, "ಅಂಚು ಸ್ವಲ್ಪ ಬಾಗಿರಬೇಕು ಅಲ್ವೇನಮ್ಮ? ನೆಟ್ಟಗಿದ್ರೆ ಕೂರಲ್ಲ," ಎನ್ನುವನು. ಅವರು ಬೇರೆ ಅಂಗಡಿಗೆ ಹೋಗುವರು.

ಗಲ್ಲದ ಗುಳಿಯ ಅಳತೆ ಮಾತ್ರ ರಟ್ಟಿಗೆ ಸಿಗಲಿಲ್ಲ. ಒಂದು ಸಂಜೆ ಅಡುಗೆಮನೆಗೆ ನುಗ್ಗಿ, ನಾದಿಟ್ಟಿದ್ದ ಗೋಧಿ ಹಿಟ್ಟಿನ ದೊಡ್ಡ ಉಂಡೆ ತೆಗೆದು ಗಲ್ಲಕ್ಕೆ ಬಲವಾಗಿ ಒತ್ತಿಕೊಂಡ.

"ರೀ, ಚಪಾತಿ ಹಿಟ್ಟು ಕಣ್ರೀ ಅದು!" ಎಂದು ಹೆಂಡತಿ ಪ್ರೇಮಲೀಲಾ ಕೂಗಿಕೊಂಡಳು.

"ಅಲ್ಲಾಡಿಸ್ಬೇಡ! ಅಚ್ಚು ಕೆಡುತ್ತೆ!"

ಅವನ ತಾಯಿ ಮಹದೇವಮ್ಮ ಒಳಗಿನಿಂದ ಬಂದು ಹಣೆ ಚಚ್ಚಿಕೊಂಡರು. "ನಿಮ್ಮಪ್ಪಾರು ವಾರಗಟ್ಲೆ ಗಡ್ಡ ಬುಟ್ಕೊಂಡೇ ಅಂಗಡಿ ನಡೆಸಿದ್ರು ಕಣೋ. ಶಿವನೇ ಕೊಟ್ಟ ಗಡ್ಡ, ಅದಕ್ಯಾಕೆ ಇಷ್ಟು ರಂಪ?" ಬೈದರೇನೋ ಹೌದು. ಆದರೆ ಬಿಸಿಲಿಗೆ ಒಣಗಿಸಿದ ಹಿಟ್ಟಿನ ಅಚ್ಚನ್ನು ಕಾಗೆ ಮುಟ್ಟದ ಹಾಗೆ ಮೊರ ಮುಚ್ಚಿ ಕಾದವರೂ ಅವರೇ. ಮಗ ಬಣ್ಣದ ಕೋಣೆಯಲ್ಲಿ ಅತ್ತ ಸುದ್ದಿ ಅವರಿಗೆ ಯಾರೋ ಹೇಳಿದ್ದರು.

ಕತ್ತಿ ಬಡಿಯಲು ಕೆಸರೆಯ ಕುಲುಮೆ ಕಾಳಯ್ಯನೇ ಆಗಬೇಕೆಂದ ಚಿಕ್ಕಯ್ಯ. ಮೊದಲು ಚಿಕ್ಕಯ್ಯನಿಗೆ ಮುನಿಸಿತ್ತು. ಅಪ್ಪನ ಕಾಲದ ಕತ್ತಿ ಬೇಡವಾಯಿತಲ್ಲ ಎಂದು ಎರಡು ವಾರ ನೆಟ್ಟಗೆ ಮಾತಾಡಿರಲಿಲ್ಲ. ಆದರೆ ರಟ್ಟಿನ ಕತ್ತಿಗಳನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ನೋಡುತ್ತ ಅವನಿಗೂ ಆಸೆ ಹತ್ತಿತು. ಜೀವಮಾನವೆಲ್ಲ ಪರರು ಮಾಡಿದ ಕತ್ತಿ ಹಿಡಿದವನು, ನನ್ನ ಕೈಗೆ ಹೀಗಿರಲಿ ಎಂದು ಹೇಳುವ ಅವಕಾಶ ಇದೇ ಮೊದಲು. ಒಂದು ಭಾನುವಾರ ಷಡಕ್ಷರಿ ಸೈಕಲ್ ತುಳಿದ, ಚಿಕ್ಕಯ್ಯ ಹಿಂದೆ ಕ್ಯಾರಿಯರಿನ ಮೇಲೆ ಹಿಟ್ಟಿನ ಗಲ್ಲವನ್ನು ಟವೆಲ್ಲಿನಲ್ಲಿ ಸುತ್ತಿ ಕೂಸಿನಂತೆ ಅವುಚಿಕೊಂಡು ಕೂತ.

ಕಾಳಯ್ಯ ಹಿಟ್ಟಿನ ಗಲ್ಲವನ್ನು ನೋಡಿದ. ಷಡಕ್ಷರಿಯ ಗಲ್ಲವನ್ನು ನೋಡಿದ. ಮಸಿ ಮೆತ್ತಿದ ಹೆಬ್ಬೆರಳನ್ನು ಗುಳಿಯೊಳಗಿಟ್ಟು ಒತ್ತಿ, ಕತ್ತಿನ ಸುಳಿಯವರೆಗೂ ಎಳೆದ. ಗುದ್ದಲಿ ಮಾಡಿಸುವವರು ಬಂದಾರು, ಕುಡುಗೋಲು ಮಾಡಿಸುವವರು ಬಂದಾರು, ಮುಖ ಹೊತ್ತುಕೊಂಡು ಬಂದವನು ಇವನೊಬ್ಬನೇ.

"ಎಂಗಿರ್ಬೇಕು ಸಾವ್ಕಾರ್ರೆ?"

ಅಷ್ಟು ಕೇಳಿದ್ದೇ ತಡ, ಷಡಕ್ಷರಿ ಕುಲುಮೆಯ ಬೂದಿಯ ಮೇಲೆ ಬೆರಳಾಡಿಸಿ ಬರೆಯತೊಡಗಿದ. ಅಲಗು ಕಿರುಬೆರಳಿಗಿಂತ ಅಗಲ ಬೇಡ. ಮೂತಿ ಗುಂಡಗೆ, ಗುಳಿಯೊಳಗೆ ಹೊಕ್ಕು ತಿರುಗುವ ಹಾಗೆ. ಬಾಯಿ ಚೂರೇ ಚೂರು ಬಾಗಿರಲಿ, ಪಂಚಮಿ ಚಂದ್ರನ ಹಾಗೆ. ಎರಡು ಮಗ್ಗುಲೂ ಒಳಕ್ಕೆ ತಗ್ಗಾಗಿ, ಉಗುರು ಒತ್ತಿದರೆ ಬಳುಕುವಷ್ಟು ತೆಳು.

"ಅಷ್ಟು ಬಾಗ್ಸಿದ್ರೆ ಸುಳಿ ಮ್ಯಾಲೆ ಜಾರ್ತದೆ," ಎಂದ ಚಿಕ್ಕಯ್ಯ, ಗೆರೆಯನ್ನು ಅಳಿಸಿ ತನ್ನದೊಂದು ಗೆರೆ ಎಳೆದು. "ಬೆನ್ನು ಭಾರ ಇರ್ಲಿ. ನಾನು ಒತ್ತಬಾರ್ದು, ತನ್ ಭಾರಕ್ಕೆ ತಾನೇ ಇಳೀಬೇಕು."

"ಬೆನ್ನು ಭಾರ ಮಾಡಿ ಮಗ್ಲು ತೆಳು ಮಾಡಾದು ಎಂಗಯ್ಯ? ನೀನೇ ಬಂದ್ ಬಡಿ!" ಎಂದ ಕಾಳಯ್ಯ, ಇಬ್ಬರ ಗೆರೆಯನ್ನೂ ಅಳಿಸಿ.

ಮೂವರೂ ಬೂದಿಯ ಸುತ್ತ ಕುಕ್ಕರಗಾಲಲ್ಲಿ ಕೂತು, ಬರೆದು, ಅಳಿಸಿ, ಬೈದಾಡಿ, ಮಧ್ಯಾಹ್ನದ ಊಟ ಮರೆತರು. ಬೂದಿ ಹಾರಿ ಷಡಕ್ಷರಿಯ ಮುಖ ಮೈಯೆಲ್ಲ ಬೆಳ್ಳಗಾಗಿತ್ತು. ಅಂಥ ಸಂತೋಷವನ್ನು ಅವನು ರಂಗದ ಮೇಲೂ ಕಂಡಿರಲಿಲ್ಲ. ಕೊನೆಗೆ ಒಂದು ಗೆರೆ ನಿಂತಿತು. ಯಾರೂ ಅದನ್ನು ಅಳಿಸಲಿಲ್ಲ.

ಕಾಳಯ್ಯ ಎದ್ದು ಅಟ್ಟದಿಂದ ಗೋಣಿಯಲ್ಲಿ ಸುತ್ತಿದ ಮುರುಕು ಕತ್ತಿಯ ತುಂಡೊಂದನ್ನು ತೆಗೆದ. ಯಾವ ಕಾಲದ ಯಾವ ಸಿಪಾಯಿಯದೋ, ಗುಜರಿಯಲ್ಲಿ ಸಿಕ್ಕದ್ದು. ಬೆರಳಿಂದ ಮೀಟಿದರೆ ಗಂಟೆಯಂತೆ ಎಳೆದು ನಿಂತಿತು ನಾದ.

"ಹಳೇ ಉಕ್ಕು. ಇದ್ನ ಕಾಯ್ಸಂಗಿಲ್ಲ, ಕಾಯ್ಸಿದ್ರೆ ಹದ ಓಯ್ತದೆ. ಕಲ್ ಮ್ಯಾಲೆ ಉಜ್ಜಿ ಉಜ್ಜಿಯೇ ತೆಗೀಬೇಕು. ದಸರಾ ಆಗ್ಬೋದು."

"ದಸರೆಗೇ ಬೇಕು," ಎಂದ ಷಡಕ್ಷರಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬಂತೆ, ಅಲಗು ಇನ್ನೂ ಕಲ್ಲಿನ ಮೇಲಿರುವಾಗಲೇ ಹಿಡಿ ಸಿದ್ಧವಾಯಿತು. ಬೀಟೆ ಮರದ ಕುಸುರಿ ಕೆಲಸದವರಿಗೆ ಹೇಳಿ, ಕಪ್ಪು ಮರದ ಮೇಲೆ ಒಂದು ಬಿಳಿ ಮಲ್ಲಿಗೆ ಮೊಗ್ಗು ಕೂರಿಸಿದ್ದಾಯಿತು. ರಾಣಿಯ ರವಿಕೆಗೆ ತಂದಿದ್ದ ಮಖಮಲ್ಲಿನಲ್ಲಿ ಒಂದು ಪುಟ್ಟ ಚೀಲ. ತಿಂಗಳುಗಟ್ಟಲೆ ಷಡಕ್ಷರಿ ವಾರಕ್ಕೊಮ್ಮೆ ಕೆಸರೆಗೆ ಹೋಗಿ, ಉಕ್ಕು ಎಷ್ಟು ಸವೆದಿದೆ ಎಂದು ಬಸುರಿಯನ್ನು ವಿಚಾರಿಸುವಂತೆ ವಿಚಾರಿಸಿ ಬಂದ. ಸಂಘದಲ್ಲಿ ತಾಲೀಮು ನಡೆಯುವಾಗ ಅಂಬುಜಾ ಅದೇ ಬೆಂಚಿನ ಮೇಲೆ ಕೂತು ಅವನ ಒಂದೊಂದು ಹೆಜ್ಜೆಯನ್ನೂ ನೋಡುತ್ತಿದ್ದಳು. ನೋಡಲಿ ಬಿಡು, ನನ್ನ ಕತ್ತಿ ಬರಲಿ ಎಂದುಕೊಳ್ಳುತ್ತಿದ್ದ.

ಕತ್ತಿ ಬಂದದ್ದು ಆಯುಧಪೂಜೆಯ ಬೆಳಿಗ್ಗೆ. ಕಾಳಯ್ಯ ತಾನೇ ಹೊಸ ಪಂಚೆ ಉಟ್ಟು ತಂದುಕೊಟ್ಟ. ಷಡಕ್ಷರಿ ಹಿಡಿಯಿಂದ ಅಲಗನ್ನು ಬಿಡಿಸಿದ. ಕನ್ನಡಿಯಂಥ ಉಕ್ಕು. ಬೂದಿಯ ಮೇಲೆ ನಿಂತಿದ್ದ ಅದೇ ಗೆರೆ. ಬೆರಳ ಮೇಲಿಟ್ಟರೆ ಬೆನ್ನಿನ ಭಾರಕ್ಕೆ ತಾನೇ ಓಲಾಡುತ್ತ ನಿಂತಿತು. ಚಿಕ್ಕಯ್ಯ ತನ್ನ ಮುಂಗೈಯ ಒಂದು ಕೂದಲನ್ನು ಅದಕ್ಕೆ ತಾಕಿಸಿದ. ಕೂದಲು ಎರಡಾದದ್ದು ಕೂದಲಿಗೇ ತಿಳಿಯಲಿಲ್ಲ. ಷಡಕ್ಷರಿಯ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. "ಈಗ್ಲೇ ಸೋಪು ಕಲಸಿ ಚಿಕ್ಕಯ್ಯ!" ಎಂದ.

"ಉಂಟೇ?" ಎಂದು ಕಾಳಯ್ಯ ಗದರಿದ. "ಇವತ್ತು ಆಯುಧಪೂಜೆ. ಹೊಸ ಅಲಗು, ಇನ್ನೂ ಪೂಜೆ ಕಂಡಿಲ್ಲ. ಪೂಜೆಗಿಟ್ಟು ನಾಳೆ ಬೆಳಿಗ್ಗೆ ಎತ್ಕಳಿ. ಅಲ್ಲೀಗಂಟ ಮುಟ್ಟಂಗಿಲ್ಲ."

ಅದೂ ಸರಿಯೇ. ಆ ದಿನ ಇಡೀ ಮೈಸೂರಿನಲ್ಲಿ ಯಾರು ಯಾವ ಆಯುಧ ಮುಟ್ಟುತ್ತಾರೆ? ಅಂಗಡಿಯ ಗಜಕೋಲು, ಕತ್ತರಿ, ತಕ್ಕಡಿಗಳ ನಡುವೆ ಮಣೆಯ ಮೇಲೆ ಕತ್ತಿ ಬಿಚ್ಚಿಟ್ಟುಕೊಂಡು ಕೂತಿತು. ಪೂಜೆ ಮಾಡಿದವರು ಮಹದೇವಮ್ಮ. ಎಲ್ಲಕ್ಕೂ ವಿಭೂತಿ, ಕುಂಕುಮ, ಅರ್ಧ ಹೋಳು ನಿಂಬೆಹಣ್ಣು. ಮಗನ ಕತ್ತಿಯ ಮುಂದೆ ಬಂದಾಗ ಕುಂಕುಮದ ಬಟ್ಟಲು ಕೆಳಗಿಟ್ಟು ನೋಡಿದರು. ಕತ್ತರಿ ಬಟ್ಟೆ ಮುಟ್ಟುತ್ತದೆ, ತಕ್ಕಡಿ ನೂಲು ಮುಟ್ಟುತ್ತದೆ. ಇದು ಮಗನ ಕತ್ತು ಮುಟ್ಟುವ ಕತ್ತಿ. ಅದರ ಮೇಲೆ ಯಾವ ದೃಷ್ಟಿಯೂ ಇರಬಾರದು. ಒಂದು ಇಡೀ ನಿಂಬೆಹಣ್ಣನ್ನು ಅಲಗಿನ ಉದ್ದಕ್ಕೂ ಹಿಂಡಿ, ಕುಂಕುಮ ಮೆತ್ತಿ, ಹಿಂಡಿದ ಹೋಳುಗಳನ್ನು ಅದರ ಮೇಲೇ ಒತ್ತಿಟ್ಟು, ಚೆಂಡುಹೂವು ಮುಚ್ಚಿ ಕೈ ಮುಗಿದರು. ದಿನಾ ಹುಣಸೆಹಣ್ಣು ಹಾಕಿ ಈಳಿಗೆಯ ಕಪ್ಪು ತಿಕ್ಕುವ ಮನೆ ಅದು. ಹುಳಿಗೂ ಉಕ್ಕಿಗೂ ಆಗದೆಂದು ಸೊಸೆಗೂ ಗೊತ್ತು, ಅತ್ತೆಗೂ ಗೊತ್ತು. ಆದರೆ ಮಣೆಯ ಮೇಲೆ ಕೂತ ಮೇಲೆ ಅದು ಉಕ್ಕಲ್ಲ, ದೇವರು. ದೇವರಿಗೆ ತುಕ್ಕು ಹಿಡಿದೀತೆಂದು ಯಾರು ಯೋಚಿಸುತ್ತಾರೆ?

ವಿಜಯದಶಮಿಯ ಬೆಳಿಗ್ಗೆ ಷಡಕ್ಷರಿ ಮಿಂದು ಮಡಿಯುಟ್ಟು ಚೆಂಡುಹೂವು ಸರಿಸಿದ.

ಅಲಗು ಕರ್ರಗಾಗಿತ್ತು. ಬಾಯಿಯ ಉದ್ದಕ್ಕೂ ತುಕ್ಕು ತಿಂದು ಹುಳುಕು ಹಲ್ಲಿನಂತೆ ತರಿತರಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಷಡಕ್ಷರಿಗೆ ಹಾಗಾಯಿತು. ಕತ್ತಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತ. ಮಹದೇವಮ್ಮ ಬಂದು ನೋಡಿ, "ಅಯ್ಯೋ, ನನ್ ಕೈ ಸೇದೋಗ!" ಎಂದು ಬಾಯಿ ಬಾಯಿ ಬಡಿದುಕೊಂಡರು. ಅವರನ್ನು ಬೈಯಲೂ ಅವನಿಗೆ ಆಗಲಿಲ್ಲ. ಬೈದಿದ್ದರೆ ಅವರಿಗೇ ಹಗುರವಾಗುತ್ತಿತ್ತು.

ಪ್ರೇಮಲೀಲಾ ಓಡಿಹೋಗಿ ಚಿಕ್ಕಯ್ಯನನ್ನು ಕರೆತಂದಳು. ಕಾಳಯ್ಯ ಆಗಲೇ ಮನೆಮಂದಿಯೊಂದಿಗೆ ಸವಾರಿ ನೋಡಲು ಹೊರಟಾಗಿತ್ತು. ಆ ಜನಸಾಗರದಲ್ಲಿ ಅವನನ್ನು ಹುಡುಕುವವರಾರು? ಚಿಕ್ಕಯ್ಯನೂ ಜರಿ ಪೇಟ ಸುತ್ತಿಕೊಂಡು ಅದಕ್ಕೇ ಹೊರಟಿದ್ದ. ಕತ್ತಿ ನೋಡಿದವನು ಪೇಟ ಬಿಚ್ಚಿ ಗೂಟಕ್ಕೆ ಹಾಕಿದ.

"ಬಾಯಿ ಓಗ್ಯದೆ. ಬೆನ್ನು ಗಟ್ಟಿಯಾಗೇ ಅದೆ. ಒಂದ್ ಚೆಂಬು ನೀರು ತನ್ನಿ ತಾಯಿ."

ಹಿತ್ತಲಿನಲ್ಲಿ ಮಸೆಗಲ್ಲು ಹಾಕಿಕೊಂಡು ಕೂತ. ಊರೆಲ್ಲ ಅರಮನೆಯ ಕಡೆ ಹೋಗಿ ಬೀದಿ ಬಿಕೋ ಎನ್ನುತ್ತಿತ್ತು. ಕಲ್ಲಿನ ಮೇಲೆ ಅಲಗು ಹೋಗಿ ಬರುವ ಸರ್ ಸರ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಷಡಕ್ಷರಿ ಕಲ್ಲಿಗೆ ನೀರು ಬಿಡುತ್ತಿದ್ದ. ಮಹದೇವಮ್ಮ ಬಾಗಿಲಲ್ಲಿ ನಿಂತು ಶಿವಶಿವ ಎನ್ನುತ್ತಿದ್ದರು. ಅಲಗು ಕಿರಿದಾಗುತ್ತ, ಇನ್ನೂ ತೆಳುವಾಗುತ್ತ ಬಂತು. ತುಕ್ಕೆಲ್ಲ ಹೋಯಿತು, ಕಪ್ಪು ಮಾತ್ರ ಪೂರ್ತಿ ಹೋಗಲಿಲ್ಲ. ಚಿಕ್ಕಯ್ಯ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದವನು ಹಾಗೇ ನಿಂತುಬಿಟ್ಟ.

"ಇಲ್ನೋಡಿ ಸ್ವಾಮಿ."

ಉಕ್ಕಿನ ಮೈತುಂಬ ಸಣ್ಣ ಸಣ್ಣ ಅಲೆಗಳು. ಕಾವೇರಿಯ ಮೇಲೆ ಸಂಜೆಗಾಳಿ ಬೀಸಿದಂತೆ, ಬೆಳ್ಳಿ ಗೆರೆ, ಕಪ್ಪು ಗೆರೆ, ಒಂದರೊಳಗೊಂದು.

"ನಮ್ಮಪ್ಪ ಹೇಳೋನು. ಹಳೇ ಉಕ್ಕಿಗೆ ಹುಳಿ ಬಿದ್ರೆ ಒಳಗಿರೋದು ಈಚೆ ಬತ್ತದೆ ಅಂತ. ನಾನು ನಂಬಿರ್ನಿಲ್ಲ."

ಷಡಕ್ಷರಿ ಕೇಕೆ ಹಾಕಿದ. ಎಷ್ಟು ರಟ್ಟು ಹಾಳು ಮಾಡಿದರೂ ಇಂಥದ್ದನ್ನು ಅವನು ಬರೆದಿರಲಿಲ್ಲ! "ಅವ್ವಾ, ಬಾರವ್ವ, ನಿನ್ನ ನಿಂಬೆಹಣ್ಣು ನೋಡ್ಬಾ!" ಎಂದು ತಾಯಿಯ ಕೈ ಹಿಡಿದು ಎಳೆದ. ಅವರು ಅರ್ಧ ಅಳುತ್ತ ಅರ್ಧ ನಗುತ್ತ ಬಂದು ನೋಡಿದರು.

ಆಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಕ್ಷೌರ. ಅದನ್ನು ಹೇಗೆ ಹೇಳಲಿ? ಬಿಸಿನೀರಿನ ಬಟ್ಟೆ, ಬೆಳ್ಳನೆ ನೊರೆ, ಚರ್ಮದ ಪಟ್ಟಿಯ ಮೇಲೆ ಚಟ್ ಚಟ್ ಎಂದು ಅಲಗು ಆಡಿದ್ದು ಮಾತ್ರ ಷಡಕ್ಷರಿಗೆ ಗೊತ್ತಾಯಿತು. ಕತ್ತಿ ಮುಖಕ್ಕೆ ಬಂದದ್ದು ಗೊತ್ತಾಗಲಿಲ್ಲ. ಚಿಕ್ಕಯ್ಯ ಒತ್ತಲಿಲ್ಲ, ಅದು ತನ್ನ ಭಾರಕ್ಕೆ ತಾನೇ ಇಳಿಯಿತು. ಗಲ್ಲದ ಗುಳಿಗೆ ಬಂದಾಗ ಗುಂಡು ಮೂತಿ ಒಳಹೊಕ್ಕು, ಒಂದು ಸುತ್ತು ತಿರುಗಿ, ಸದ್ದಿಲ್ಲದೆ ಹೊರಬಂತು. ಸುಳಿಯ ಮೇಲೆ ಅಡ್ಡಕ್ಕೆ ಹೋಯಿತು, ಉದ್ದಕ್ಕೆ ಬಂತು. ಎರಡನೆಯ ಸಲ ಎದುರುಗೂದಲಿಗೆ. ಚಿಕ್ಕಯ್ಯ ಉಸಿರು ಬಿಟ್ಟದ್ದು ಎಲ್ಲ ಮುಗಿದ ಮೇಲೆಯೇ. "ಈಗ ನೊಣ ಕೂತ್ರೂ ಜಾರ್ತದೆ!" ಎಂದ.

ಷಡಕ್ಷರಿ ಕೆನ್ನೆ ಮುಟ್ಟಿಕೊಂಡ. ತನ್ನದೆಂದು ನಂಬಲಾಗಲಿಲ್ಲ. ಕುಣಿಯುತ್ತ ಒಳಗೆ ಹೋಗಿ, ಕಣ್ಣಿಗೆ ಕಾಡಿಗೆ ಎಳೆದು, ಚೌರಿ ಮುಡಿದು, ಸೆರಗು ಹೊದ್ದು, ಕನ್ನಡಿಯ ಮುಂದೆ ನಿಂತು ಮಂದಾರವಲ್ಲಿಯ ಮುಗುಳ್ನಗೆ ನಕ್ಕ.

ಕನ್ನಡಿಯಲ್ಲಿ ಅವ್ವ ನಕ್ಕಳು.

ಅವನು ಹುಬ್ಬು ಕುಣಿಸಿದ. ಅವ್ವ ಹುಬ್ಬು ಕುಣಿಸಿದಳು. ನಾಚಿ ತಲೆ ತಗ್ಗಿಸಿದ. ವಯಸ್ಸಾದ ಹೆಂಗಸು ಕನ್ನಡಿಯಲ್ಲಿ ನಾಚಿದಳು, ನೋಡಲಾಗಲಿಲ್ಲ. ಇಷ್ಟು ವರ್ಷ ಗಡ್ಡದ ನೀಲಿ ನೆರಳಿನ ಹಿಂದೆ ಏನೇನು ಅವಿತುಕೊಂಡಿತ್ತೋ ಎಲ್ಲ ಈಗ ಬಟಾಬಯಲು: ಬಾಯಿಯ ಎರಡೂ ಕಡೆ ಇಳಿದ ಗೆರೆ, ಸಡಿಲವಾದ ಗಲ್ಲದ ಅಂಚು, ಬತ್ತಿದ ಕೆನ್ನೆ. ಗಡ್ಡವೇ ಶತ್ರು ಎಂದುಕೊಂಡಿದ್ದ. ಪಾಪ, ಅದು ಅವನನ್ನು ಇಷ್ಟು ದಿನ ಕಾಯುತ್ತಿತ್ತು. ಇನ್ನೆಂಥ ಕತ್ತಿ ಮಾಡಿಸಿದರೂ ಇದನ್ನು ಹೆರೆಯಲಾಗದು.

ಮಹದೇವಮ್ಮ ಹಿಂದಿನಿಂದ ಬಂದು ಅವನ ಹೆಗಲ ಮೇಲಿಂದ ಕನ್ನಡಿಯನ್ನು ನೋಡಿದರು. ಎರಡು ಮುಖ, ಒಂದೇ ಅಚ್ಚು.

"ಅಯ್ಯೋ ಶಿವನೇ, ನಮ್ಮವ್ವ ಬಂದು ನಿಂತಂಗದೆ ಕಣೋ," ಎಂದರು. 

ಷಡಕ್ಷರಿ ಸೆರಗನ್ನು ಮುದುಕಿಯಂತೆ ತಲೆಯ ಮೇಲೆ ಎಳೆದುಕೊಂಡ. ಅವನ ಬಾಯಿಗೆ ರಾಜಮಾತೆಯ ಮಾತು ಬಂತು. ಇಡೀ ನಾಟಕ ಅವನಿಗೆ ಬಾಯಿಪಾಠವಾಗಿತ್ತು, ಆ ಮಾತನ್ನು ಮಾತ್ರ ಎಂದೂ ಬಾಯಿಬಿಟ್ಟು ಆಡಿರಲಿಲ್ಲ. "ಮಗನೇ, ಸಿಂಹಾಸನ ನಿನ್ನದು. ಅದರ ಮೇಲೆ ಕೂತವನು ಮಾತ್ರ ನನ್ನವನು." ಆಡಿ ಮುಗಿಸುವಷ್ಟರಲ್ಲಿ ಅವನ ತೋಳಿನ ರೋಮವೆಲ್ಲ ನೆಟ್ಟಗೆ ನಿಂತಿತ್ತು. ಹಿತ್ತಲಲ್ಲಿ ಬಟ್ಟಲು ತೊಳೆಯುತ್ತಿದ್ದ ಚಿಕ್ಕಯ್ಯ ತೊಳೆಯುವುದನ್ನು ನಿಲ್ಲಿಸಿದ. ಪ್ರೇಮಲೀಲಾ ಅಡುಗೆಮನೆಯಿಂದ, "ಅತ್ತೆ, ಕರೆದ್ರಾ?" ಎಂದಳು.

ಷಡಕ್ಷರಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಸೈಕಲ್ ಹತ್ತಿದ.

ಬಣ್ಣದ ಕೋಣೆಯಲ್ಲಿ ಲಕ್ಷ್ಮೀನರಸಿಂಹ ಮೇಷ್ಟ್ರು ಬಿಳಿ ಸೀರೆಯ ನೆರಿಗೆಯೊಳಗೆ ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದರು. ಷಡಕ್ಷರಿಯನ್ನು ಕಂಡವರೇ ಕೆನ್ನೆಗೆ ಕೈಯಿಟ್ಟು, ಕಣ್ಣರಳಿಸಿ, "ಭೇಷ್! ಆಹಾ! ರಾಣಿ ನೀವೇ ಕಣ್ರೀ, ಇನ್ನು ಮಾತಿಲ್ಲ!" ಎಂದರು.

ಬೆಂಚಿನ ಮೇಲೆ ಕೂತಿದ್ದ ಅಂಬುಜಾ ತಲೆ ತಗ್ಗಿಸಿದಳು. 

ಇದೇ ಮಾತಿಗಾಗಿ ಷಡಕ್ಷರಿ ಯುಗಾದಿಯಿಂದ ಬದುಕಿದ್ದ. ಕಿವಿಯಲ್ಲಿ ಬಿದ್ದಾಗ ಸಿಹಿಯಾಗಿಯೇ ಇತ್ತು. ಒಂದು ಕ್ಷಣ, ಸುಮ್ಮನೆ ಕಿರೀಟ ಎತ್ತಿಕೊಂಡುಬಿಡಲೇ ಅನ್ನಿಸಿತು.

"ಬೇಡಿ ಮೇಷ್ಟ್ರೇ. ಆ ಬಿಳಿ ಸೀರೆ ಇತ್ಲಾಗೆ ಕೊಡಿ," ಎಂದ. "ರಾಜಮಾತೆ ನಾನು."

ಅಂಬುಜಾಳಿಗೆ ರಾಣಿಯ ಸೀರೆಯ ನೆರಿಗೆ ಹಿಡಿದುಕೊಟ್ಟವನು ಅವನೇ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು, ಧಗಧಗ ಉರಿಯಿತು. ಆದರೂ ಕಿರೀಟವನ್ನು ಅವಳ ತಲೆಗಿಟ್ಟು, "ಎರಡನೇ ಅಂಕದಲ್ಲಿ ಹಾರ ಎಡಗೈಲಿ ಎತ್ತಮ್ಮ. ಬಲಗೈಲಿ ಎತ್ತಿದ್ರೆ ಕಿರೀಟಕ್ಕೆ ಸಿಕ್ಕೊಳ್ತದೆ," ಎಂದು ಹೇಳಿಕೊಟ್ಟ.

"ಗೊತ್ತು," ಎಂದಳು ಅಂಬುಜಾ. "ನಿಮ್ಮನ್ನೇ ನೋಡಿ ಕಲಿತದ್ದು."

ಅವತ್ತು ರಂಗದ ಮೇಲೆ ಅಷ್ಟೂ ಬಲ್ಬು ಉರಿದವು. ರಾಜ ಯುದ್ಧಕ್ಕೆ ಹೊರಡುವ ಅಂಕದಲ್ಲಿ ರಾಜಮಾತೆ ಬಂದಳು. ಮೇಷ್ಟ್ರು ಆಡುವಾಗ ಜನ ಕಡಲೆಕಾಯಿ ಬಿಡಿಸುವ ದೃಶ್ಯ ಅದು. ಷಡಕ್ಷರಿ ಏನೂ ಮಾಡಲಿಲ್ಲ. ನಡು ಹಿಡಿದು ನಿಧಾನವಾಗಿ ನಡೆದು ಬಂದ, ಮಗನ ಮುಖ ನೋಡಿದ, ಮಾತಾಡಿದ. ಮಾತಿನ ನಡುವೆ ಪುಸ್ತಕದಲ್ಲಿಲ್ಲದ್ದೊಂದು ತಾನಾಗಿ ಬಾಯಿಗೆ ಬಂತು: "ಒಂದು ತುತ್ತು ಉಂಡಾದ್ರೂ ಹೋಗೋ." ರಾಜನಾಗಿದ್ದ ಕೃಷ್ಣಪ್ಪ ಮುಂದಿನ ಮಾತು ಮರೆತು ಅಳತೊಡಗಿದ. ಹೆಂಗಸರ ಸಾಲಿನಲ್ಲಿ ಸೆರಗುಗಳು ಒಂದೊಂದಾಗಿ ಕಣ್ಣಿಗೆ ಹೋದವು. ಬಣ್ಣದ ಕೋಣೆಗೆ ಬಂದ ಷಡಕ್ಷರಿ ಬಿಳಿ ಸೀರೆಯಲ್ಲೇ ಒಂದು ಸುತ್ತು ಕುಣಿದ. ಅಷ್ಟು ಖುಷಿ.

ನಾಟಕ ಮುಗಿದಾಗ ಜನ ಅಂಬುಜಾಳನ್ನು ಮುತ್ತಿಕೊಂಡರು. ಷಡಕ್ಷರಿ ಬಿಳಿ ಸೀರೆಯಲ್ಲೇ ಬಾಗಿಲಾಚೆ ಗಾಳಿಗೆ ನಿಂತಿದ್ದ. ಮಹದೇವಮ್ಮ ಮಗನನ್ನು ಹುಡುಕಿಕೊಂಡು ಆ ಕಡೆಗೆ ಬಂದರು. ಅಷ್ಟರಲ್ಲಿ, ಸವಾರಿ ನೋಡಲು ಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬಳು ಗಂಟು ಕಂಕುಳಲ್ಲಿಟ್ಟುಕೊಂಡು ಅವನ ಹತ್ತಿರ ಬಂದು, ಅವನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ವೊಟ್ಟೆ ಉರ್ಸಿಬುಟ್ಟೆ ಕಣವ್ವ," ಎಂದಳು. "ನಿಂಗೆ ಎಷ್ಟು ಜನ ಮಕ್ಕಳು?"

ಷಡಕ್ಷರಿ ಬೆರಗಾಗಿ ನಿಂತ. ಇಷ್ಟು ವರ್ಷ ರಾಣಿಯಾಗಿ ಮೆರೆದಿದ್ದ. ಚಪ್ಪಾಳೆ ಬಂದಿತ್ತು, ಹಾರ ಬಂದಿತ್ತು, ಎಷ್ಟು ಚೆನ್ನಾಗಿ ಹೆಣ್ಣುವೇಷ ಹಾಕ್ತಾರಪ್ಪಾ ಎಂಬ ಮಾತು ಬಂದಿತ್ತು. ಅವನನ್ನು ಹೆಂಗಸೆಂದೇ ತಿಳಿದು ಕೈ ಹಿಡಿದವರು ಒಬ್ಬರೂ ಇರಲಿಲ್ಲ. 

"ಒಬ್ನೇ ಮಗ ಕಣಮ್ಮ," ಎಂದ, ಅವ್ವನ ದನಿಯಲ್ಲಿ. "ಚಾಮರಾಜಪುರಂನಲ್ಲಿ ಸೀರೆ ಅಂಗಡಿ ಇಟ್ಕೊಂಡವ್ನೆ."

"ಚೆನ್ನಾಗಿ ನೋಡ್ಕತ್ತಾನಾ ನಿನ್ನ?"

ಷಡಕ್ಷರಿ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿದ್ದ ಮಹದೇವಮ್ಮ ಮುಂದೆ ಬಂದು ಅವನ ಪಕ್ಕದಲ್ಲಿ ನಿಂತರು.

"ನೋಡ್ಕತ್ತಾನೆ ಕಣವ್ವ," ಎಂದರು. "ತುಂಬಾ ಚೆನ್ನಾಗಿ ನೋಡ್ಕತ್ತಾನೆ."

ಹಳ್ಳಿಯ ಹೆಂಗಸು ಇವರ ಮುಖ ನೋಡಿದಳು, ಅವನ ಮುಖ ನೋಡಿದಳು. "ಅಕ್ಕ ತಂಗೇರಾ?" ಎಂದಳು.

"ಹೂಂ," ಎಂದರು ಮಹದೇವಮ್ಮ. "ಇವ್ಳು ನನ್ ತಂಗಿ."

ಅವಳು ಇಬ್ಬರಿಗೂ ಕೈ ಮುಗಿದು, ಗಂಟು ಸರಿಮಾಡಿಕೊಂಡು, ಬಸ್ಸು ತಪ್ಪೀತೆಂದು ಬೇಗ ಬೇಗ ಹೊರಟುಹೋದಳು.